ಮೂರು ಲೋಹದ ಒಂದು ಟೀ ಸೆಟ್

ಟೀಪಾಟ್, ಹಾಲಿನ ಜಗ್, ಸಕ್ಕರೆ ಬಟ್ಟಲು. ಕೊಡಗಿನ ಪೊಲ್ಲಿಬೆಟ್ಟದ ಕಡೆಯ ಹಳೆಯ ತೋಟದ ಬಂಗಲೆಯೊಂದರ ಸಾಮಾನು ವಿಲೇವಾರಿಯಾದಾಗ ಮೂರನ್ನೂ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ‘ಬೆಳ್ಳಿ ಟೀ ಸೆಟ್’ ಎಂದು ಮಾರಿದರು. ಕಪ್ಪು ಹಿಡಿದಿದ್ದ ಮೂರೂ ದೂರದಿಂದ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದವು. ಕೈಗೆತ್ತಿಕೊಂಡರೆ ಒಂದೊಂದರ ತೂಕ ಒಂದೊಂದು ಮಾತು ಹೇಳುತ್ತಿತ್ತು. ಅದೇ ಕುತೂಹಲಕ್ಕೆ ಕೊಂಡುಕೊಂಡೆ. 1854ರಲ್ಲಿ ಜಾನ್ ಫೌಲರ್ ಮಡಿಕೇರಿಯಲ್ಲಿ ಕಾಫಿ ತೋಟ ತೆರೆದ ಮೇಲೆ ಬಂದ ದೊರೆಗಳು ಬೆಳೆದದ್ದು ಕಾಫಿ, ಕುಡಿದದ್ದು ಬಹುಶಃ ಟೀ. ನಾನು ನೋಡಿದ ಬಂಗಲೆಗಳ ಅಟ್ಟದಲ್ಲೆಲ್ಲ ಟೀಪಾಟ್‌ಗಳೇ ಹೆಚ್ಚು.

ಮನೆಗೆ ತಂದು ಮೇಜಿನ ಮೇಲಿಟ್ಟು ಊನಗಳ ಪಟ್ಟಿ ಮಾಡಿದೆ. ಟೀಪಾಟಿನ ಕರಿಮರದ ಹಿಡಿಕೆ ಮೇಲಿನ ತಿರುವಿನಲ್ಲಿ ಮುರಿದಿತ್ತು. ಯಾರೋ ಕಬ್ಬಿಣದ ಮೊಳೆ ಹೊಡೆದು, ಅದರ ಮೇಲೆ ಅಂಟು ಸುರಿದು ನಿಲ್ಲಿಸಿದ್ದರು. ಹಿಡಿಕೆಯ ಕೆಳತುದಿ ಕೂರುವ ಬೆಳ್ಳಿಯ ಕೊಳವೆ ಪಾತ್ರೆಯ ಮೈಯಿಂದ ಅರ್ಧ ಬಿಟ್ಟುಕೊಂಡಿತ್ತು, ಸುತ್ತಲೂ ಬೂದು ಬಣ್ಣದ ಬೆಸುಗೆ ಮೆತ್ತಿತ್ತು. ಮುಚ್ಚಳದ ಕೀಲು ತಿರುಗುತ್ತಿರಲಿಲ್ಲ. ಹೊಟ್ಟೆಯಲ್ಲಿ ಹೆಬ್ಬೆರಳು ಕೂರುವಷ್ಟು ದೊಡ್ಡ ನಗ್ಗು. ಸಕ್ಕರೆ ಬಟ್ಟಲಿನ ಅಂಚು ಬಿರಿದಿತ್ತು. ಹಾಲಿನ ಜಗ್ಗಿಗೆ ಎಲ್ಲೂ ಪೆಟ್ಟಿರಲಿಲ್ಲ, ಆದರೆ ಉಬ್ಬಿದ ಕಡೆಗಳಲ್ಲಿ ಬಿಳಿ ಸವೆದು ಒಳಗಿನ ಹಳದಿ ಇಣುಕುತ್ತಿತ್ತು. ಈ ಪಟ್ಟಿಯಲ್ಲಿ ಕಾಲ ತಾನಾಗಿ ಮಾಡಿದ ಹಾಳು ಬಹಳ ಕಡಿಮೆ. ಹೆಚ್ಚಿನದು ಹಿಂದೆ ರಿಪೇರಿ ಮಾಡಿದವರ ಮತ್ತು ಉಜ್ಜಿದವರ ಕೈಕೆಲಸ. ಹಳೆಯ ಬೆಳ್ಳಿ ಸಾಮಾನು ಸರಿಪಡಿಸುವುದೆಂದರೆ ಮುಕ್ಕಾಲು ಪಾಲು ಹಳೆಯ ರಿಪೇರಿಯನ್ನು ಬಿಚ್ಚುವುದೇ.

ಯಾವುದು ಬೆಳ್ಳಿ, ಯಾವುದು ಅಲ್ಲ

ಉಜ್ಜುವುದಕ್ಕೆ ಮುಂಚೆ ಓದಬೇಕು. ಮೂರನ್ನೂ ಅಂಟುವಾಳದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ಕಿಟಕಿಯ ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಕುಳಿತೆ.

ಟೀಪಾಟಿನ ತಳದಲ್ಲಿ ನಾಲ್ಕು ಮುದ್ರೆಗಳು ಸಾಲಾಗಿದ್ದವು: ತಯಾರಕರ ಮೊದಲಕ್ಷರಗಳು, ನಡೆಯುವ ಸಿಂಹ, ಲಂಗರು, ಸವೆದುಹೋದ ಒಂದು ಅಕ್ಷರ. ಸಿಂಹವೆಂದರೆ ಇಂಗ್ಲೆಂಡಿನ ಸ್ಟರ್ಲಿಂಗ್, ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಲಂಗರು, ಬೆಳ್ಳಿಯ ಶುದ್ಧತೆ ನೋಡಿ ಮುದ್ರೆ ಹಾಕುವ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಕಚೇರಿಯದು. ಸಮುದ್ರವೇ ಇಲ್ಲದ ಊರಿಗೆ ಲಂಗರು ಎಲ್ಲಿಂದ ಬಂತು ಎಂದು ಯಾರಿಗಾದರೂ ಅನ್ನಿಸುತ್ತದೆ. ಬರ್ಮಿಂಗ್‌ಹ್ಯಾಮಿಗೂ ಶೆಫೀಲ್ಡಿಗೂ 1773ರಲ್ಲಿ ಒಟ್ಟಿಗೆ ಕಚೇರಿ ಮಂಜೂರಾಯಿತು. ಅದಕ್ಕಾಗಿ ಓಡಾಡಿದವರು ಲಂಡನ್ನಿನಲ್ಲಿ ಸೇರುತ್ತಿದ್ದ ಹೋಟೆಲಿನ ಹೆಸರು ‘ಕ್ರೌನ್ ಅಂಡ್ ಆಂಕರ್’ ಎಂದಿತ್ತಂತೆ, ಹಾಗಾಗಿ ಕಿರೀಟ ಒಬ್ಬರಿಗೆ, ಲಂಗರು ಇನ್ನೊಬ್ಬರಿಗೆ ಹೋಯಿತು ಎಂಬ ಕಥೆಯಿದೆ. ನಾಲ್ಕನೆಯ ಅಕ್ಷರ ವರ್ಷವನ್ನು ಹೇಳಬೇಕಿತ್ತು. ಉಜ್ಜಿ ಉಜ್ಜಿ ಅದನ್ನು ಅಳಿಸಿಬಿಟ್ಟಿದ್ದಾರೆ. ಆದರೂ ಒಂದು ಸುಳಿವು ಉಳಿದಿದೆ. 1784ರಿಂದ 1890ರವರೆಗೆ ತೆರಿಗೆ ಸಂದಾಯವಾದ ಗುರುತಾಗಿ ದೊರೆಯ ಅಥವಾ ರಾಣಿಯ ತಲೆಯ ಮುದ್ರೆಯೂ ಬೀಳುತ್ತಿತ್ತು. ಇಲ್ಲಿ ಅದಿಲ್ಲ, ಅದಕ್ಕೆ ಬಿಟ್ಟ ಜಾಗವೂ ಇಲ್ಲ. ಹಾಗಾದರೆ 1890ರ ಈಚಿನದು. ಮುಚ್ಚಳದ ಒಳಮೈಯಲ್ಲಿ ಇನ್ನೊಂದು ಪುಟ್ಟ ಸಿಂಹ ಸಿಕ್ಕಿತು, ಆದ್ದರಿಂದ ಮುಚ್ಚಳ ಬೇರೆ ಕಡೆಯಿಂದ ತಂದು ಅಂಟಿಸಿದ್ದಲ್ಲ ಎಂಬ ಧೈರ್ಯ ಬಂತು.

ಹೊಟ್ಟೆಯ ಮೇಲೆ ಬಾಯಿಂದ ಹಬೆ ಊದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಹಬೆ ಹಿಡಿದು ಆರುವ ಆ ಎರಡು ಕ್ಷಣಗಳಲ್ಲಿ ಅಳಿಸಿದ ಕೆತ್ತನೆಯ ನೆರಳು ಮೂಡಿತು: ಹೆಣೆದುಕೊಂಡ ಎರಡು ಅಕ್ಷರಗಳು. ಮೊದಲ ಮಾಲೀಕರ ಹೆಸರನ್ನು ಆಮೇಲೆ ಬಂದವರು ಅರೆಸಿ ತೆಗೆಸಿದ್ದಾರೆ. ಅರೆದ ಜಾಗದಲ್ಲಿ ತಗಡು ತೆಳುವಾಗಿದೆ; ನಗ್ಗು ಬಿದ್ದಿರುವುದೂ ಸರಿಯಾಗಿ ಅಲ್ಲೇ. ಹಳೆಯ ಸಾಮಾನು ಕೊಳ್ಳುವವರು ಈ ಹಬೆ ಊದುವ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿಬಿಡುವುದು ಒಳ್ಳೆಯದು. ಕೆತ್ತಿದ ಹೆಸರು ಹಾಗೆಯೇ ಇರುವ ಪಾತ್ರೆ, ಹೆಸರು ಅಳಿಸಿ ನುಣ್ಣಗೆ ಮಾಡಿದ ಪಾತ್ರೆಗಿಂತ ಯಾವತ್ತೂ ಮೇಲು.

ಹಾಲಿನ ಜಗ್ಗಿನ ತಳದಲ್ಲಿಯೂ ನಾಲ್ಕು ಚಿಕ್ಕ ಗುರಾಣಿಗಳು, ಒಂದೊಂದರಲ್ಲಿ ಒಂದೊಂದು ಸೊಟ್ಟ ಬರಹದ ಅಕ್ಷರ. ಅವಸರದಲ್ಲಿ ನೋಡಿದವರಿಗೆ ಅದೂ ಇಂಗ್ಲೆಂಡಿನ ಬೆಳ್ಳಿ ಮುದ್ರೆಯೇ ಅನ್ನಿಸಬೇಕು; ಹಾಗೆ ಅನ್ನಿಸಲೆಂದೇ ಹೊಡೆದದ್ದು. ಬಿಡಿಸಿ ಓದಿದರೆ ಇ, ಪಿ, ಎನ್, ಎಸ್. ನಿಕಲ್ ಸಿಲ್ವರ್ ಎಂಬ ಲೋಹದ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸಿದ್ದು ಎಂದರ್ಥ. ನಿಕಲ್ ಸಿಲ್ವರಿನಲ್ಲಿ ತಾಮ್ರ, ನಿಕಲ್, ಸತು ಇವೆ. ಹೆಸರಿನಲ್ಲಿ ಬಿಟ್ಟರೆ ಬೆಳ್ಳಿ ಒಂದು ಗುಂಜಿಯೂ ಇಲ್ಲ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನ 1840ರಲ್ಲಿ ಈ ಲೇಪನ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಮಧ್ಯಮ ವರ್ಗದ ಮೇಜುಗಳ ಮೇಲೂ ‘ಬೆಳ್ಳಿ’ ಹೊಳೆಯತೊಡಗಿತು.

ಸಕ್ಕರೆ ಬಟ್ಟಲಿನಲ್ಲಿ ಮುದ್ರೆಯೇ ಇರಲಿಲ್ಲ. ಬಳ್ಳಿ, ಎಲೆ, ನಡುವೆ ನವಿಲು: ಒಳಗಿನಿಂದ ತಟ್ಟಿ ಉಬ್ಬಿಸಿದ ನಮ್ಮ ದೇಶದ ಕೈಕೆಲಸ. ಇದಕ್ಕೆ ನೀರಿನ ತಕ್ಕಡಿಯೇ ಗತಿ. ವಿಧಾನ ಸುಲಭ. ಬಟ್ಟಲನ್ನು ಒಣಗಿದಂತೆ ತೂಗಬೇಕು. ಆಮೇಲೆ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನೀರಿನ ಪಾತ್ರೆಯಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ಬಟ್ಟಲನ್ನು ದಾರದಲ್ಲಿ ಇಳಿಬಿಟ್ಟು ಪೂರ್ತಿ ಮುಳುಗಿಸಬೇಕು. ತಳಕ್ಕಾಗಲಿ ಗೋಡೆಗಾಗಲಿ ತಾಗಬಾರದು, ಒಳಗೆ ಗಾಳಿಗುಳ್ಳೆ ನಿಲ್ಲಬಾರದು. ಆಗ ತಕ್ಕಡಿ ತೋರಿಸುವ ಗ್ರಾಂ, ಬಟ್ಟಲು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ನನಗೆ ಬಂದದ್ದು 214 ಗ್ರಾಂ, 20.7 ಗ್ರಾಂ, ಭಾಗಿಸಿದರೆ 10.34. ಶುದ್ಧ ಬೆಳ್ಳಿ 10.49, ಸ್ಟರ್ಲಿಂಗ್ ಸುಮಾರು 10.36, ನಿಕಲ್ ಸಿಲ್ವರ್ 8.7ರ ಆಸುಪಾಸು. ಲೇಪನದ ಸಾಮಾನಲ್ಲ ಎಂಬುದು ಇಷ್ಟರಿಂದಲೇ ಇತ್ಯರ್ಥ. ಆದರೆ ಮನೆಯ ತಕ್ಕಡಿಯಲ್ಲಿ ಹತ್ತನೇ ಒಂದು ಗ್ರಾಂ ಆಚೀಚೆಯಾದರೂ ನೂರಕ್ಕೆ 90 ಪಾಲೋ 95 ಪಾಲೋ ಎಂಬುದು ಅಡಿಮೇಲಾಗುತ್ತದೆ. ಅದಕ್ಕೆ ವಿರಾಜಪೇಟೆಯ ಅಂಗಡಿಯೊಂದರ ಎಕ್ಸ್‌ರೇ ಯಂತ್ರದಡಿ ಇಡಿಸಿದೆ: 91.4. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು, ಅಂದರೆ 91.7 ಬೆಳ್ಳಿಯಿತ್ತು; 1940ರಲ್ಲಿ ಅದನ್ನು ಅರ್ಧಕ್ಕೆ ಇಳಿಸಿದರು. ರೂಪಾಯಿ ಕೊಟ್ಟು ಕರಗಿಸಿ ಪಾತ್ರೆ ಮಾಡಿಸುತ್ತಿದ್ದ ಕಾಲದ ಬಟ್ಟಲು ಇದು ಎಂದು ನನ್ನ ಊಹೆ. ಒಂದು ರೂಪಾಯಿ ಒಂದು ತೊಲ, 11.66 ಗ್ರಾಂ. ಲೆಕ್ಕ ಹಾಕಿದರೆ ಹದಿನೆಂಟು ರೂಪಾಯಿಗೆ ಚೂರು ಜಾಸ್ತಿ.

ಹೀಗೆ ಒಂದು ‘ಸೆಟ್’ನಲ್ಲಿ ಮೂರು ಲೋಹ. ಮೂರಕ್ಕೂ ಚಿಕಿತ್ಸೆ ಬೇರೆ.

ಸೀಸ ಮುಟ್ಟಿಸಿದ ಜಾಗ

ಟೀಪಾಟನ್ನು ಮೊದಲು ಅಕ್ಕಸಾಲಿಗರಲ್ಲಿಗೆ ಒಯ್ದೆ. ಕೊಡವರ ಸೊಂಟದ ಕತ್ತಿಯಾದ ಪೀಚೆಕತ್ತಿಯ ಒರೆಗೆ ಬೆಳ್ಳಿ ಹೊದಿಸುತ್ತಲೇ ತಲೆ ನರೆತವರು. ತೆಳು ತಗಡು ಎಲ್ಲಿ ಮಣಿಯುತ್ತದೆ, ಎಲ್ಲಿ ಮುನಿಯುತ್ತದೆ ಎಂಬುದು ಅವರ ಬೆರಳಿಗೆ ಗೊತ್ತು. ಬೂದು ಬೆಸುಗೆಯನ್ನು ಉಗುರಿನಿಂದ ಗೀರಿ ನೋಡಿದರು.

“ಅಕ್ಕಾ, ಇದಕ್ಕೆ ಸೀಸ ಮುಟ್ಟಿಸಿದ್ದಾರೆ. ನಾನು ಊದುಗೊಳವೆ ಹಿಡಿಯುವುದಿಲ್ಲ.”

“ಕೆರೆದು ತೆಗೆದರೆ, ಆಚಾರ್ಯರೇ?”

“ಕೆರೆದು ತನ್ನಿ, ನೋಡೋಣ. ಒಂದು ಚೂರು ಉಳಿದರೂ ಬೆಂಕಿ ಕೊಟ್ಟಾಗ ಅದು ಬೆಳ್ಳಿಯನ್ನು ತಿನ್ನುತ್ತದೆ. ತೂತು ಬಿದ್ದ ಮೇಲೆ ನನ್ನನ್ನು ಕೇಳಬೇಡಿ.”

ಅವರು ಹೇಳಿದ್ದು ಅಕ್ಷರಶಃ ನಿಜ. ರೇಡಿಯೋ ರಿಪೇರಿಗೆ ಬಳಸುವ ತವರ–ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುತ್ತದೆ. ಬೆಳ್ಳಿಯ ಕೆಲಸಕ್ಕೆ ಬಳಸುವ ಬೆಳ್ಳಿ ಬೆಸುಗೆಗೆ 700 ಡಿಗ್ರಿಯ ಆಸುಪಾಸಿನ ಶಾಖ ಬೇಕು. ಆ ಶಾಖದಲ್ಲಿ ಉಳಿದ ಸೀಸ, ತವರಗಳು ಸುತ್ತಲಿನ ಬೆಳ್ಳಿಯೊಡನೆ ಬೆರೆತು ಬೇಗ ಕರಗುವ ಮಿಶ್ರಣವಾಗುತ್ತವೆ, ಪಾತ್ರೆಯ ಗೋಡೆ ಗುಳಿಬಿದ್ದು ಕುಸಿಯುತ್ತದೆ. ಟೀ ಕುಡಿಯುವವರ ಕಡೆಯಿಂದ ನೋಡಿದರೂ ಅಷ್ಟೇ: ಬಿಸಿ ಟೀ ನಿಲ್ಲುವ ಪಾತ್ರೆಯಲ್ಲಿ ಸೀಸಕ್ಕೆ ಜಾಗವಿಲ್ಲ. ಈ ಬೆಸುಗೆ ಬಿರುಕಿನ ಮೂಲಕ ಒಳಗೂ ಇಳಿದಿತ್ತು.

ತೆಗೆಯುವ ಕೆಲಸಕ್ಕೆ ತಾಳ್ಮೆ ಬಿಟ್ಟರೆ ಬೇರೆ ಸಲಕರಣೆ ಬೇಕಿಲ್ಲ. ಬೆಸುಗೆ ಕಡ್ಡಿಯ ತುದಿಯಿಂದ ಅಷ್ಟೇ ಜಾಗವನ್ನು ಬಿಸಿ ಮಾಡಿ, ಕರಗಿದ್ದನ್ನು ತಾಮ್ರದ ಹೆಣೆದ ತಂತಿಗೆ ಹೀರಿಸಿ, ಉಳಿದ ಪದರವನ್ನು ಹರಿತವಾದ ಮೂರು ಮೂಲೆಯ ಕೆರೆಯುಳಿಯಿಂದ ಬೆಳ್ಳಿಯ ಬಣ್ಣ ಬರುವವರೆಗೆ ಕೆರೆಯುವುದು. ಕಿಟಕಿ ತೆರೆದಿರಬೇಕು, ಬಿದ್ದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ತೆಗೆಯಬೇಕು. ಕೊಳವೆ ಮೈಯಿಂದ ಕಳಚಿ ಕೈಗೆ ಬಂತು.

ಕೆರೆದು ಶುಚಿಯಾದ ಮೇಲೂ ಊದುಗೊಳವೆ ಬೇಡವೆಂದೇ ತೀರ್ಮಾನಿಸಿದೆವು. 700 ಡಿಗ್ರಿ ಕೊಟ್ಟರೆ ತೆಳು ಹೊಟ್ಟೆ ಮೆತ್ತಗಾಗುತ್ತದೆ. ಸ್ಟರ್ಲಿಂಗಿನೊಳಗಿನ ತಾಮ್ರ ಗಾಳಿಯೊಡನೆ ಸೇರಿ ಮೇಲ್ಮೈಯ ಕೆಳಗೆ ಬೂದುಗೆಂಪು ಕಲೆ ಬೀಳುತ್ತದೆ. ಆ ಕಲೆಯನ್ನು ತೆಗೆಯಲು ಮತ್ತೆ ಅರೆಯಬೇಕು. ಅದರ ಬದಲು ಸೀಸವಿಲ್ಲದ ತವರ–ಬೆಳ್ಳಿ ಬೆಸುಗೆ ಬಳಸಿದೆವು. ಅದು 221 ಡಿಗ್ರಿಯಲ್ಲಿ ಕರಗುತ್ತದೆ, ಕುದಿಯುವ ನೀರಿಗೆ ಜಗ್ಗುವುದಿಲ್ಲ, ಬೇಕೆಂದಾಗ ಬಿಡಿಸಬಹುದು. ಬೆಳ್ಳಿಗೆ ಬೆಳ್ಳಿ ಬೆಸುಗೆಯೇ ಆಗಬೇಕೆನ್ನುವ ಮಡಿವಂತರು ಇದನ್ನು ಒಪ್ಪುವುದಿಲ್ಲ. ಹೊಸ ಪಾತ್ರೆಯ ಮಟ್ಟಿಗೆ ನಾನೂ ಅವರ ಪಕ್ಷವೇ. ಆದರೆ ಒಮ್ಮೆ ಸೀಸ ಕಂಡ ಹಳೆಯ ಪಾತ್ರೆಗೆ ಕಡಿಮೆ ಬೆಂಕಿಯೇ ಕ್ಷೇಮ.

ಕೀಲಿನದು ಚಿಕ್ಕ ಕೆಲಸ. ಐದು ಗಂಟುಗಳ ನಡುವೆ ಹಾಯ್ದಿದ್ದ ಕಡ್ಡಿ ಉಕ್ಕಿನದು. ಮೂಲದ್ದನ್ನು ತೆಗೆದು ಯಾರೋ ಹೊಲಿಗೆ ಸೂಜಿಯಂಥದ್ದೊಂದನ್ನು ತುರುಕಿದ್ದರು. ತುಕ್ಕು ಸಡಿಲಿಸುವ ಎಣ್ಣೆಯನ್ನು ರಾತ್ರಿಯಿಡೀ ಕುಡಿಸಿ, ಅದಕ್ಕಿಂತ ಸಣ್ಣ ಡ್ರಿಲ್ ಕಡ್ಡಿಯ ಹಿಂತುದಿಯಿಂದ ಮೆಲ್ಲನೆ ನೂಕಿದಾಗ ತುಂಡುತುಂಡಾಗಿ ಹೊರಬಂತು. ಈಗ ಅಲ್ಲಿ ಬೆಳ್ಳಿ ತಂತಿಯಿದೆ, ಒಂದು ತುದಿಗೆ ಕೂದಲೆಳೆಯಷ್ಟು ಸಣ್ಣದಾಗುತ್ತ ಹೋಗುವ ಹಾಗೆ ಅರದಿಂದ ಉಜ್ಜಿದ್ದು.

ನಗ್ಗು

ಟೀಪಾಟಿನ ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಸುತ್ತಿಗೆ ಹೋಗುವುದಿಲ್ಲ. ಆಚಾರ್ಯರು ಇದಕ್ಕೆ ಉದ್ದನೆಯ ಬಾಗಿದ ಕಬ್ಬಿಣದ ತೋಳೊಂದನ್ನು ಇಟ್ಟುಕೊಂಡಿದ್ದಾರೆ. ಒಂದು ತುದಿಯನ್ನು ವೈಸ್‌ನಲ್ಲಿ ಬಿಗಿಯುತ್ತಾರೆ, ಗುಂಡಗೆ ನಯವಾಗಿರುವ ಇನ್ನೊಂದು ತುದಿ ಪಾತ್ರೆಯೊಳಗೆ ಹೋಗಿ ನಗ್ಗಿಗೆ ತಾಗುತ್ತದೆ. ಸುತ್ತಿಗೆಯ ಏಟು ಬೀಳುವುದು ಹೊರಗೆ, ವೈಸ್‌ನ ಪಕ್ಕದಲ್ಲಿ. ತೋಳು ಅದುರಿ, ಒಳಗಿನ ತುದಿ ಚಿಮ್ಮಿ ನಗ್ಗನ್ನು ಒಳಗಿನಿಂದ ತಟ್ಟುತ್ತದೆ. ಕಣ್ಣಿಗೆ ಕಾಣದ ಜಾಗಕ್ಕೆ ಬೀಳುವ ಏಟನ್ನು ಅವರು ಪಾತ್ರೆಗೆ ಒತ್ತಿದ ಎಡ ಅಂಗೈಯಿಂದಲೇ ಅಳೆಯುತ್ತಾರೆ. ಆ ಕೆಲಸಕ್ಕೆ ನಾನು ಕೈ ಹಾಕಲಿಲ್ಲ, ನೋಡುತ್ತ ಕುಳಿತೆ.

ಮುಕ್ಕಾಲು ಪಾಲು ಮೇಲೆದ್ದಾಗ ಅವರು ನಿಲ್ಲಿಸಿದರು. ಹೆಸರು ಅರೆದ ಜಾಗ ಅದು. ಇನ್ನಷ್ಟು ತಟ್ಟಿದರೆ ತಗಡು ಹಿಗ್ಗಿ, ಒತ್ತಿದರೆ ಒಳಗೆ ಬಿಟ್ಟರೆ ಹೊರಗೆ ಪುಟಿಯುವ ಡಬ್ಬದ ಮುಚ್ಚಳದ ಸ್ವಭಾವ ಬರುತ್ತದೆ ಎಂದರು. ಉಳಿದ ಏರಿಳಿತವನ್ನು ನುಣುಪಾದ ಉಕ್ಕಿನ ಕಡ್ಡಿಯಿಂದ ಸೋಪಿನ ನೀರು ಹಚ್ಚಿ ತೀಡಿದರು. ತೀಡುವುದರಲ್ಲಿ ಲೋಹ ಸವೆಯುವುದಿಲ್ಲ, ಒತ್ತಿ ಮಟ್ಟಸವಾಗುತ್ತದೆ. ಓರೆ ಬೆಳಕಿನಲ್ಲಿ ಈಗಲೂ ಒಂದು ಸಣ್ಣ ತಗ್ಗು ಕಾಣುತ್ತದೆ, ಅದಿರಲಿ.

ಹಿಡಿಕೆ

ಲೋಹಗಳಲ್ಲೆಲ್ಲ ಶಾಖ ಅತಿ ವೇಗವಾಗಿ ಹರಿಯುವುದು ಬೆಳ್ಳಿಯಲ್ಲಿ. ಬಿಸಿ ಟೀ ಹಾಕಿದ ಬೆಳ್ಳಿಯ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿಯಲು ಆಗುವುದಿಲ್ಲ. ಆದ್ದರಿಂದಲೇ ಟೀಪಾಟಿಗೆ ಮರದ ಹಿಡಿಕೆ, ಇಲ್ಲವೇ ಬೆಳ್ಳಿಯ ಹಿಡಿಕೆಯ ನಡುವೆ ಶಾಖ ತಡೆಯುವ ಎರಡು ಬಿಲ್ಲೆಗಳು. ಆ ಬಿಲ್ಲೆಗಳು ಹಲವು ಸಲ ಆನೆದಂತದವು. ಅಂಥ ಪಾತ್ರೆ ಕಂಡರೆ ನಾನು ದೂರ ಉಳಿಯುತ್ತೇನೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳ ಅಡಿಯಲ್ಲಿ ದಂತದ ವ್ಯಾಪಾರ ಅಪರಾಧ. ಎಲುಬಾದರೆ ಭೂತಗನ್ನಡಿಯಲ್ಲಿ ಸಣ್ಣ ಕಪ್ಪು ಚುಕ್ಕಿ, ಗೆರೆಗಳು ಕಾಣುತ್ತವೆ. ದಂತವಾದರೆ ಅಡ್ಡ ಕೊಯ್ದ ಮೈಯಲ್ಲಿ ಒಂದನ್ನೊಂದು ದಾಟುವ ಕಮಾನು ಗೆರೆಗಳು. ಅನುಮಾನವಿದ್ದರೆ ಕೊಳ್ಳಬಾರದು.

ನನ್ನ ಪಾಟಿನ ಹಿಡಿಕೆ ಕರಿಮರದ್ದು. ಹೊಸ ಕರಿಮರ ತರಿಸುವುದಕ್ಕಿಂತ ಮನೆಯಲ್ಲೇ ಇದ್ದ ಬೀಟೆ ಸಾಕೆನಿಸಿತು. ಅಜ್ಜನ ಕಾಲದ ಕುರ್ಚಿಯೊಂದರ ಮುರಿದ ಕೈ ಒಲೆಯ ಮೇಲಿನ ಅಟ್ಟದಲ್ಲಿ ವರ್ಷಗಟ್ಟಲೆ ಹೊಗೆ ಕುಡಿದು ಬಿದ್ದಿತ್ತು. ಇದಕ್ಕಿಂತ ಒಣಗಿದ ಮರ ಕೊಡಗಿನಲ್ಲಿ ಸಿಗುವುದು ಕಷ್ಟ.

ಮೊದಲು ಮೇಲಿನ ಕೊಳವೆಯೊಳಗೆ ಉಳಿದಿದ್ದ ಮೊಳೆಯ ಬುಡ, ಮರದ ಚೂರು ಮತ್ತು ಅಂಟನ್ನು ತೆಗೆಯಬೇಕಿತ್ತು. ಆ ಗಟ್ಟಿ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಗಾಳಿ ಕೊಡುತ್ತ, ಚೂಪಾಗಿ ಕೆತ್ತಿದ ಬಿದಿರ ಕಡ್ಡಿಯಿಂದ ಮೀಟಿ ಮೀಟಿ ತೆಗೆದೆ. ಬೆಳ್ಳಿಯ ಒಳಗೆ ಉಕ್ಕಿನ ಕಡ್ಡಿ ಆಡಿಸಿದರೆ ಗೀರು ಖಚಿತ. ಮೊಳೆ ತುಕ್ಕು ಹಿಡಿದು ಊದಿಕೊಂಡು ಕೊಳವೆಯನ್ನೇ ಒಂದು ಕಡೆ ಸೀಳಿತ್ತು. ಅದನ್ನು ಒಳಗೆ ಮರದ ಬೆಣೆಯಿಟ್ಟು ಹೊರಗಿನಿಂದ ಒತ್ತಿ ಕೂಡಿಸಿದೆ.

ಮುರಿದ ತುಂಡುಗಳನ್ನು ರಟ್ಟಿನ ಮೇಲೆ ಜೋಡಿಸಿ ಗೆರೆ ಎಳೆದೆ. ಇಲ್ಲಿ ಯೋಚಿಸಬೇಕಾದದ್ದು ಮರದ ಎಳೆ. ಅರ್ಧಚಂದ್ರದಂಥ ಹಿಡಿಕೆಯನ್ನು ನೇರ ಎಳೆಯ ಮರದಲ್ಲಿ ಕೊರೆದರೆ ನಡುಭಾಗದಲ್ಲಿ ಎಳೆ ಉದ್ದಕ್ಕೆ ಓಡುತ್ತದೆ, ಎರಡು ತಿರುವುಗಳಲ್ಲಿ ಮಾತ್ರ ಅಡ್ಡಲಾಗಿ ತುಂಡಾಗುತ್ತದೆ. ಹಳೆಯ ಹಿಡಿಕೆ ಮುರಿದದ್ದು ಆ ಮೇಲಿನ ತಿರುವಿನಲ್ಲೇ. ತುಂಬಿದ ಪಾಟನ್ನು ಎತ್ತಿದಾಗ ಭಾರ ಬೀಳುವುದೂ ಅಲ್ಲೇ. ಮೊಳೆ ಹೊಡೆದ ಮಹಾಶಯರು ಆ ಅಡ್ಡ ಎಳೆಯನ್ನು ಇನ್ನಷ್ಟು ಸೀಳಿದ್ದರು. ಕುರ್ಚಿಯ ಕೈ ಬಾಗಿದ್ದ ಕಡೆ ಎಳೆಯೂ ಸ್ವಲ್ಪ ಬಾಗಿತ್ತು. ರಟ್ಟನ್ನು ಅತ್ತಿತ್ತ ತಿರುಗಿಸಿ ಮೇಲಿನ ತಿರುವು ಆ ಬಾಗಿನ ಮೇಲೆ ಬರುವಂತೆ ಇಟ್ಟು ಗುರುತು ಹಾಕಿದೆ. ಕೆಳತುದಿಯಲ್ಲಿ ಎಳೆ ಅಡ್ಡವಾದರೂ ಅಲ್ಲಿ ಭಾರ ಕಡಿಮೆ.

ಕಿರಿದಾದ ಅಲಗಿನ ಕೈಗರಗಸದಲ್ಲಿ ಗೆರೆಯ ಹೊರಗೆ ಕೊಯ್ದು, ಒರಟು ಅರ, ನಯ ಅರ, ಆಮೇಲೆ ಮರಳು ಕಾಗದ. ಹಿಡಿದಾಗ ಹೆಬ್ಬೆರಳು ಒರಗುವಲ್ಲಿ ಹಳೆಯದಕ್ಕೊಂದು ಸಣ್ಣ ಗೂನು ಇತ್ತು, ಅದನ್ನೂ ಉಳಿಸಿಕೊಂಡೆ. ಬೀಟೆಯ ಧೂಳು ಕೆಲವರ ಚರ್ಮಕ್ಕೂ ಉಸಿರಿಗೂ ಆಗದು, ಮುಖಗವಸು ಬೇಕು.

ತುದಿಗಳು ಕೊಳವೆಯೊಳಗೆ ಎಷ್ಟು ಬಿಗಿಯಾಗಿರಬೇಕು ಎಂಬುದೇ ಇಡೀ ಕೆಲಸದ ಗಂಟು. ಬಡಗಿಗಳ ಕೈ ಬಿಗಿಯನ್ನೇ ಬಯಸುತ್ತದೆ. ಆದರೆ ಮಾರ್ಚ್‌ನಲ್ಲಿ, ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ, ಬಿಗಿಯಾಗಿ ಕೂರಿಸಿದ ಮರ ಜುಲೈ ಹೊತ್ತಿಗೆ ತೇವ ಹೀರಿ ದಪ್ಪಗಾಗುತ್ತದೆ, ತೆಳು ಬೆಳ್ಳಿಯ ಕೊಳವೆ ಬಿರಿಯುತ್ತದೆ. ಆದ್ದರಿಂದ ಸುತ್ತಲೂ ಒಂದು ದಪ್ಪ ಕಾಗದ ಹೋಗುವಷ್ಟು ಸಡಿಲ ಬಿಟ್ಟೆ. ಅಂಟು ಹಾಕಲಿಲ್ಲ. ಹಿಡಿದಿರುವುದು ಬೆಳ್ಳಿ ತಂತಿಯ ಕಡ್ಡಿಗಳು ಮಾತ್ರ. ಕೊಳವೆಯಲ್ಲಿ ಮೊದಲಿನಿಂದಲೂ ಇದ್ದ ತೂತನ್ನು ಹಿಗ್ಗಿಸದೆ, ಮರವನ್ನು ಒಳಗಿಟ್ಟು ಆ ತೂತಿನ ಮೂಲಕ ಗುರುತು ಚುಚ್ಚಿ, ಹೊರತೆಗೆದು, ಗುರುತಿಗಿಂತ ಕಾಲು ಮಿಲಿಮೀಟರಿನಷ್ಟು ಹಿಡಿಕೆಯ ನಡುವಿನ ಕಡೆಗೆ ಸರಿಸಿ ಕೊರೆಯಬೇಕು. ಆಗ ಕಡ್ಡಿ ತೂರಿಸಿದಂತೆಲ್ಲ ಮರ ತಾನಾಗಿ ಕೊಳವೆಯ ಒಳಕ್ಕೆ ಎಳೆದುಕೊಳ್ಳುತ್ತದೆ. ಸಡಿಲವಿದ್ದರೂ ಅಲುಗುವುದಿಲ್ಲ. ಕಡ್ಡಿಯ ತುದಿಗಳನ್ನು ಮೆಲ್ಲನೆ ತಟ್ಟಿ ಕೂರಿಸಿದ್ದೇನೆ. ಮುಂದೆ ಯಾರಿಗಾದರೂ ಬಿಚ್ಚಬೇಕಾದರೆ ಎರಡು ಕಡ್ಡಿ ನೂಕಿದರೆ ಸಾಕು.

ಮರದ ಮೆರುಗಿಗೆ ಜೇನುಮೇಣ ಹಚ್ಚುವ ಆಸೆಯಿತ್ತು, ಅದಕ್ಕೇನು ಕೊಡಗಿನಲ್ಲಿ ಬರವೇ? ಆದರೆ ಜೇನುಮೇಣ ಅರವತ್ತು ಚಿಲ್ಲರೆ ಡಿಗ್ರಿಯಲ್ಲಿ ಕರಗುತ್ತದೆ. ಬಿಸಿ ಕೊಳವೆಯ ಪಕ್ಕದಲ್ಲಿ ಅದು ಕೈಗೆ ಅಂಟುತ್ತದೆ. ಅರಗಿನ ಮೆರುಗೂ ಬಿಸಿಗೆ ಬಾಳುವುದಿಲ್ಲ. ಅಗಸೆ ಎಣ್ಣೆಯನ್ನು ತೀರಾ ತೆಳುವಾಗಿ ಹಚ್ಚಿ, ಒರೆಸಿ, ಪೂರ್ತಿ ಒಣಗಿದ ಮೇಲೆ ಮತ್ತೆ ಹಚ್ಚಿದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ಅದು ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ, ಹರಡಿ ಒಣಗಿಸಬೇಕು.

ಸಕ್ಕರೆ ಬಟ್ಟಲು

ಇದಕ್ಕೆ ಸೀಸದ ಕಾಟವಿರಲಿಲ್ಲ. ಹಾಗಾಗಿ ಇಲ್ಲಿ ಊದುಗೊಳವೆಗೆ ಆಚಾರ್ಯರ ಒಪ್ಪಿಗೆ ಸಿಕ್ಕಿತು. ಬಿರುಕಿನ ಎರಡು ಅಂಚುಗಳನ್ನು ಕೆರೆದು ಕೂಡಿಸಿ, ಕಬ್ಬಿಣದ ತಂತಿಯಿಂದ ಕಟ್ಟಿ, ಬಿಳಿಗಾರವನ್ನು ನೀರಿನಲ್ಲಿ ತೇಯ್ದು ಹಚ್ಚಿದರು. ಬ್ರೆಡ್ಡಿನ ಚೂರಿಗಿಂತ ಸಣ್ಣ ಬೆಸುಗೆಯ ತುಣುಕುಗಳನ್ನು ಚಿಮುಟದಲ್ಲಿ ಸಾಲಾಗಿಟ್ಟರು. ಇದ್ದಿಲಿನ ಮೇಲಿಟ್ಟು ಊದಿದಾಗ ಮೊದಲು ಬಿಳಿಗಾರ ಉಬ್ಬಿ ನೊರೆಯಾಯಿತು, ಆಮೇಲೆ ಗಾಜಿನಂತಾಗಿ ಹರಡಿತು, ಬಟ್ಟಲು ಮಂಕು ಕೆಂಪಿಗೆ ತಿರುಗಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಬೆಸುಗೆ ಬೆಳ್ಳಿಯ ಗೆರೆಯಾಗಿ ಬಿರುಕಿನೊಳಗೆ ಓಡಿತು. ತಣಿದ ಮೇಲೆ ಕಬ್ಬಿಣದ ತಂತಿಯನ್ನು ಬಿಚ್ಚಿಯೇ ಪಟಿಕದ ನೀರಿನಲ್ಲಿ ಕುದಿಸಿದರು. ಆಮ್ಲದ ಗುಣದ ಆ ನೀರಿನಲ್ಲಿ ಕಬ್ಬಿಣವೂ ಇದ್ದರೆ, ಕರಗಿದ ತಾಮ್ರ ಬೆಳ್ಳಿಯ ಮೇಲೆ ಬಂದು ಕೂತು ಪಾತ್ರೆ ಕೆಂಪಾಗುತ್ತದೆ.

ಬೆಂಕಿ, ಪಟಿಕ ಎರಡೂ ಸೇರಿ ಬೆಸುಗೆಯ ಸುತ್ತ ಎರಡು ಬೆರಳಗಲ ಹಾಲುಬಿಳಿ ಮಾಡಿಬಿಟ್ಟವು. ನವಿಲಿನ ಬಾಲದ ಗೆರೆಗಳಲ್ಲಿದ್ದ ಹಳೆಯ ಕಪ್ಪು ಅಷ್ಟು ಜಾಗದಲ್ಲಿ ಮಾಯವಾಯಿತು. ಉಬ್ಬು ಕೆಲಸಕ್ಕೆ ಆ ಕಪ್ಪೇ ಜೀವ, ತಗ್ಗಿನ ಕಪ್ಪು ಹೋದರೆ ಉಬ್ಬೂ ಕಾಣುವುದಿಲ್ಲ. ಅದನ್ನು ಮತ್ತೆ ಬರಿಸಲು ಅಡುಗೆಮನೆಯ ಮದ್ದೇ ಸಾಕು: ಬೇಯಿಸಿದ ಮೊಟ್ಟೆಯನ್ನು ಕಿವುಚಿ, ಮುಚ್ಚಳವಿರುವ ಡಬ್ಬಿಯಲ್ಲಿ ಬಟ್ಟಲಿನ ಪಕ್ಕದಲ್ಲಿ, ತಾಗದಂತೆ ಇಡುವುದು. ಮೊಟ್ಟೆಯಿಂದ ಹೊರಡುವ ಗಂಧಕದ ಅನಿಲ ಬೆಳ್ಳಿಯನ್ನು ಮೊದಲು ಹೊಂಬಣ್ಣಕ್ಕೆ, ಆಮೇಲೆ ಕಂದಿಗೆ, ಕೊನೆಗೆ ಕಪ್ಪಿಗೆ ತಿರುಗಿಸುತ್ತದೆ. ಹದ ಬಂದಾಗ ತೆಗೆದು, ಉಬ್ಬಿದ ಭಾಗವನ್ನು ಬೆರಳಿಗೆ ಸುತ್ತಿದ ಬಟ್ಟೆಯಿಂದ ಒರೆಸಿದೆ. ಹಳೆಯ ಕಪ್ಪಿಗೂ ಹೊಸ ಕಪ್ಪಿಗೂ ಗಡಿ ಹುಡುಕಿದರೆ ಸಿಗುತ್ತದೆ, ಹುಡುಕದಿದ್ದರೆ ಇಲ್ಲ.

ಹೊಳಪಿನ ವ್ಯಾಜ್ಯ

ನಮ್ಮ ಚಿಕ್ಕಮ್ಮ ಬೆಳ್ಳಿಗೆ ವಿಭೂತಿಯೇ ಆಗಬೇಕೆನ್ನುವವರು. ದೀಪಕ್ಕೆ, ಚೊಂಬಿಗೆ ಅದು ನಡೆಯುತ್ತದೆ. ಆದರೆ ಅಂಗಡಿಯ ಗಟ್ಟಿಗಳಲ್ಲಿ ಏನು ಬೆರೆತಿದೆ ಎಂಬುದು ಗಟ್ಟಿಯಿಂದ ಗಟ್ಟಿಗೆ ಬೇರೆ, ಒಂದು ಒರಟು ಕಣ ಸಾಕು ಕನ್ನಡಿಯಂಥ ಮೈಮೇಲೆ ಗೀರೆಳೆಯಲು. ಹಲ್ಲುಜ್ಜುವ ಪೇಸ್ಟ್ ಅದಕ್ಕಿಂತ ಕೆಟ್ಟದ್ದು. ಟೀಪಾಟಿಗೆ ನಾನು ಬಳಸಿದ್ದು ಔಷಧಿ ಗುಣಮಟ್ಟದ ನಯವಾದ ಕ್ಯಾಲ್ಸಿಯಂ ಕಾರ್ಬೋನೇಟ್ ಪುಡಿ, ಸ್ಪಿರಿಟ್, ಹತ್ತಿ. ಕಲಸಿ, ಉದ್ದುದ್ದಕ್ಕೆ ಒರೆಸಿ, ಮುದ್ರೆಗಳಿರುವ ತಳವನ್ನು ಮುಟ್ಟದೆ ಬಿಟ್ಟೆ.

ಜಗ್ಗಿಗೆ ಉಜ್ಜುವುದೇ ಬೇಡ. ಉಳಿದಿರುವ ಬೆಳ್ಳಿಯ ಪದರ ತೀರಾ ತೆಳು, ಉಜ್ಜಿದಷ್ಟೂ ಹಳದಿ ಅಗಲವಾಗುತ್ತದೆ. ಪಾತ್ರೆಯಲ್ಲಿ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ, ಜಗ್ ಹಾಳೆಗೆ ತಾಗುವಂತೆ ಸ್ವಲ್ಪ ಹೊತ್ತು ಮುಳುಗಿಸಿದೆ. ಕಪ್ಪೆಂದರೆ ಬೆಳ್ಳಿಯೂ ಗಂಧಕವೂ ಸೇರಿದ ಪದರ. ಅಲ್ಯೂಮಿನಿಯಂ ಆ ಪದರದ ಬೆಳ್ಳಿಯನ್ನು ಮತ್ತೆ ಬೆಳ್ಳಿಯಾಗಿಸುತ್ತದೆ, ಗಂಧಕ ಕೊಳೆತ ಮೊಟ್ಟೆಯ ವಾಸನೆಯಾಗಿ ಹಾರುತ್ತದೆ. ಬೆಳ್ಳಿ ನಷ್ಟವಿಲ್ಲ, ಆದರೆ ಹೊಳಪು ಮಂಕು, ತಗ್ಗಿನ ಕಪ್ಪೂ ಉಳಿಯುವುದಿಲ್ಲ. ಹಾಗಾಗಿ ಬಟ್ಟಲಿಗೆ ಈ ಸ್ನಾನ ಖಂಡಿತ ಕೂಡದು. ಹಿಡಿಕೆಯೊಳಗೆ ರಾಳ ತುಂಬಿದ ಚಾಕುಗಳಿಗೂ ಕೂಡದು, ಬಿಸಿಗೆ ರಾಳ ಕರಗಿ ಅಲಗು ಸಡಿಲವಾಗುತ್ತದೆ. ಜಗ್ಗಿಗೆ ಹೊಸ ಲೇಪನ ಹಾಕಿಸಲು ಸಲಹೆ ಕೊಟ್ಟವರಿದ್ದಾರೆ. ಲೇಪನ ಮಾಡುವವರು ಮೊದಲು ಅರೆದು ನುಣ್ಣಗೆ ಮಾಡುತ್ತಾರೆ, ಅಂಚಿನ ಮಣಿಸಾಲು ಕರಗಿದಂತಾಗುತ್ತದೆ. ಹಳದಿ ಇಣುಕಿದರೆ ಇಣುಕಲಿ.

ಮಳೆಗಾಲಕ್ಕೆ

ಕೊಡಗಿನ ಆಷಾಢದಲ್ಲಿ ಬೆಳ್ಳಿಯನ್ನು ಹೊರಗಿಟ್ಟರೆ ವಾರಗಳಲ್ಲಿ ಹಳದಿ, ಆಮೇಲೆ ಕಂದು. ತೇವವಿದ್ದರೆ ಗಂಧಕದ ಕೆಲಸ ವೇಗವಾಗುತ್ತದೆ. ಹಿಂದಿನವರು ಇವನ್ನು ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತಿದ್ದರು, ಉಣ್ಣೆಯಲ್ಲೇ ಗಂಧಕವಿದೆ. ರಬ್ಬರ್ ಬ್ಯಾಂಡ್ ಸುತ್ತಿದ ಚಮಚದ ಮೇಲೆ ಉಳಿಯುವ ಕಪ್ಪು ಗೆರೆ ಉಜ್ಜಿದರೂ ಹೋಗುವುದು ಕಷ್ಟ. ಈಗ ಮೂರನ್ನೂ ಚೆನ್ನಾಗಿ ತೊಳೆದ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ, ಗಾಳಿಯಾಡದ ಪಾಲಿಥೀನ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುತ್ತೇನೆ. ಟೀಪಾಟಿನ ಮುಚ್ಚಳ ಮಾತ್ರ ಅರೆ ತೆರೆದಿರುತ್ತದೆ. ಮುಚ್ಚಿಟ್ಟರೆ ಒಳಗೆ ಮುಗ್ಗಲು ವಾಸನೆ.

ಚೀಲಕ್ಕೆ ಹೋಗುವ ಮುಂಚೆ ಒಮ್ಮೆ ಟೀ ಮಾಡಿ ನೋಡಬೇಕಲ್ಲ. ಕುದಿಯುವ ನೀರು ತುಂಬಿ, ತಳಕ್ಕೆ ಒಣ ಕಾಗದ ಹಾಸಿ ಕಾದೆ. ಬೆಸುಗೆ ಸೋರಲಿಲ್ಲ. ಕೊಳವೆ ಮುಟ್ಟಲಾಗದಷ್ಟು ಬಿಸಿ, ಬೀಟೆ ಬೆಚ್ಚಗೆ. ಮುಚ್ಚಳ ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತದೆ. ಬಗ್ಗಿಸಿದಾಗಲೆಲ್ಲ ಮೂತಿಯ ಕೆಳಗೆ ಒಂದು ಹನಿ ಜಾರಿ ಮೇಜಿಗೆ ಬೀಳುತ್ತದೆ. ಅದು ಬರ್ಮಿಂಗ್‌ಹ್ಯಾಮಿನಲ್ಲೇ ಹುಟ್ಟಿದ ಚಾಳಿ. ಮೂತಿಯ ತುಟಿಯನ್ನು ಅರದಿಂದ ಸ್ವಲ್ಪ ಚೂಪು ಮಾಡಿದರೆ ನಿಂತೀತು ಎಂದು ಆಚಾರ್ಯರು ಹೇಳಿದರು. ಅರ ಮುಟ್ಟಿಸಲಿಲ್ಲ. ಕೆಳಗೊಂದು ತಟ್ಟೆ ಇಟ್ಟಿದ್ದೇನೆ.